ಸ್ಲೈಡ್ ತೋರಿಸುವ ಮೊದಲು ಒಮ್ಮೆ ಕೇಳಿ ನೋಡಿ

ಕಳೆದ ವರ್ಷ ಒಂಬತ್ತನೇ ತರಗತಿಯ ಮಕ್ಕಳಿಗೆ ನಾನೊಂದು ಗುಂಪು ಚಟುವಟಿಕೆ ಕೊಟ್ಟಿದ್ದೆ. ವಿಷಯ 2019ರ ಡಿಸೆಂಬರ್ 26ರ ಕಂಕಣ ಸೂರ್ಯಗ್ರಹಣ. ಕಾಸರಗೋಡಿನವರಿಗೆ ಅದು ಮನೆಯಂಗಳದ ಗ್ರಹಣ. ಸೌದಿ ಅರೇಬಿಯದಲ್ಲಿ ಶುರುವಾದ ಕಂಕಣದ ಪಟ್ಟಿ ಅರಬ್ಬಿ ಸಮುದ್ರ ದಾಟಿ ಬಂದು ನೆಲ ಮುಟ್ಟಿದ್ದು ನಮ್ಮ ಈ ಕರಾವಳಿಯಲ್ಲೇ. ಚೆರುವತ್ತೂರು, ಮಂಗಳೂರು, ಮಡಿಕೇರಿ, ವಯನಾಡು, ಊಟಿ, ಕೊಯಮತ್ತೂರು ಎಲ್ಲ ಅದರ ದಾರಿಯಲ್ಲಿದ್ದವು. ಚೆರುವತ್ತೂರಿನಲ್ಲಿ ಬೆಳಗ್ಗೆ ಒಂಬತ್ತೂವರೆಗೆ ಸ್ವಲ್ಪ ಮೊದಲು, ಸುಮಾರು ಮೂರು ನಿಮಿಷ, ಸೂರ್ಯ ಬಳೆಯ ಹಾಗೆ ಕಂಡಿತು. ನೀವಾಗ ಸಣ್ಣವರು. ನೆನಪಿಲ್ಲದಿದ್ದರೆ ಮನೆಯಲ್ಲಿ ಕೇಳಿ, ಹೇಳುತ್ತಾರೆ.

ಗುಂಪಿನಲ್ಲಿ ಐದು ಮಂದಿ, ಸ್ಲೈಡು ಆರು. ನಾಲ್ಕನೆಯ ಸ್ಲೈಡಿನ ಮೇಲೆ ಮಾತಾಡಬೇಕಾದ ಹುಡುಗನಿಗೆ ಕಣ್ಣು ಕಾಣುವುದಿಲ್ಲ. ಗ್ರಹಣದ ಹೊತ್ತಿನಲ್ಲಿ ಬೆಳಕು ಮತ್ತು ಸೆಕೆ ಹೇಗೆ ಇಳಿಯಿತು ಎನ್ನುವುದು ಅವನ ಭಾಗ. ಅದನ್ನು ಅವನೇ ಕೇಳಿ ಪಡೆದದ್ದು. ಆ ದಿನ ಅಂಗಳದಲ್ಲಿ ನಿಂತಿದ್ದಾಗ ಬೆನ್ನ ಮೇಲೆ ಬೀಳುತ್ತಿದ್ದ ಬಿಸಿಲು ತಣ್ಣಗಾದದ್ದು ಅವನಿಗೆ ಚೆನ್ನಾಗಿ ನೆನಪಿತ್ತು.

ಸ್ಲೈಡುಗಳನ್ನು ಉಳಿದ ನಾಲ್ವರು ಹಿಂದಿನ ರಾತ್ರಿ ಕೂತು ಮಾಡಿದ್ದರು. ಬೆಳಗ್ಗೆ ಪೆನ್ ಡ್ರೈವಿನಿಂದ ಅವನ ಲ್ಯಾಪ್‌ಟಾಪಿಗೆ ಹಾಕಿಕೊಟ್ಟರು. ಅವನು ಇಯರ್‌ಫೋನ್ ಸಿಕ್ಕಿಸಿಕೊಂಡು ಕೂತ. ಹತ್ತು ನಿಮಿಷ ಕಳೆಯಿತು, ಕೀಲಿಗಳನ್ನು ಒತ್ತುತ್ತಲೇ ಇದ್ದಾನೆ.

"ಎಂತಾಯ್ತು?" ಅಂತ ಕೇಳಿದೆ.

"ಟೀಚರ್, ನನ್ನ ಸ್ಲೈಡ್ ಯಾವುದಂತ ಸಿಗ್ತಾ ಇಲ್ಲ. ಹೋದಲ್ಲೆಲ್ಲ 'ಚಿತ್ರ, ಚಿತ್ರ' ಅಂತ ಮಾತ್ರ ಹೇಳ್ತದೆ. ಒಂದು ಕಡೆ ಎಂತದೋ ಇಂಗ್ಲಿಷ್ ಅಕ್ಷರ ಓದ್ತದೆ, ಅರ್ಥ ಇಲ್ಲ."

ಗೋಡೆಯ ಮೇಲೆ ಆ ಸ್ಲೈಡುಗಳು ಬಹಳ ಚಂದ ಇದ್ದವು. ಕಪ್ಪು ಹಿನ್ನೆಲೆ, ಹೊಳೆಯುವ ಉಂಗುರ, ತಿರುಗುತ್ತಾ ಬರುವ ಅಕ್ಷರ. ಅವನ ಸರದಿ ಬಂದಾಗ ಪಕ್ಕದಲ್ಲಿದ್ದ ಹುಡುಗಿ ಅವನ ಭಾಗವನ್ನೂ ತಾನೇ ಹೇಳಿ ಮುಗಿಸಿದಳು. ಪಾಪ, ಸಹಾಯ ಅಂತಲೇ ಮಾಡಿದ್ದು. ಅವನು ವಾರವಿಡೀ ತಯಾರಿ ಮಾಡಿ ತಂದ ಮಾತು ಅವನ ಬಾಯಲ್ಲೇ ಉಳಿಯಿತು. ತಪ್ಪು ನನ್ನದೂ ಹೌದು. ಅಂಕ ಕೊಡುವ ಪಟ್ಟಿಯಲ್ಲಿ "ಆಕರ್ಷಕ ವಿನ್ಯಾಸ"ಕ್ಕೆ ಅಂಕ ಇಟ್ಟಿದ್ದೆ. ಕೇಳಿದರೆ ತಿಳಿಯುತ್ತದೆಯೋ ಇಲ್ಲವೋ ಎನ್ನುವುದಕ್ಕೆ ಒಂದು ಅಂಕವನ್ನೂ ಇಟ್ಟಿರಲಿಲ್ಲ.

ಮುಂದಿನ ವಾರ ಅದೇ ಆರು ಸ್ಲೈಡನ್ನು ನಾವೆಲ್ಲ ಸೇರಿ ಬಿಚ್ಚಿ ಮತ್ತೆ ಕಟ್ಟಿದೆವು. ಆವಾಗ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಸ್ಕ್ರೀನ್ ರೀಡರ್ ಓದುವುದು ಎಂತದನ್ನು?

ಹೆಸರು ಕೇಳಿದರೆ ಪರದೆಯನ್ನು ನೋಡಿ ಓದುವ ತಂತ್ರಾಂಶ ಅಂತ ಅನ್ನಿಸುತ್ತದೆ. ಆದರೆ ಅದಕ್ಕೆ ಕಣ್ಣಿಲ್ಲ. ಪರದೆಯ ಮೇಲಿನ ಬಣ್ಣ, ಆಕಾರ, ಅಂದ ಚಂದ ಅದಕ್ಕೆ ಗೊತ್ತಾಗುವುದಿಲ್ಲ. ನಾವು ಟ್ಯಾಬ್ ಕೀ ಒತ್ತಿದಾಗ ಅದು ಇಂಪ್ರೆಸ್ ಅಥವಾ ಪವರ್‌ಪಾಯಿಂಟಿನ ಹತ್ತಿರ ಎರಡು ಪ್ರಶ್ನೆ ಕೇಳುತ್ತದೆ: "ಈಗ ನಾವು ನಿಂತಿರುವ ಜಾಗದಲ್ಲಿ ಇರುವುದು ಯಾವ ಜಾತಿಯ ವಸ್ತು? ಅದರ ಹೆಸರೇನು?" ತಂತ್ರಾಂಶ ಫೈಲಿನ ಒಳಗೆ ಹುಡುಕಿ ಉತ್ತರ ಕೊಡುತ್ತದೆ: "ಇದು ಶೀರ್ಷಿಕೆ, ಇದರಲ್ಲಿ ಹೀಗೆ ಬರೆದಿದೆ", ಅಥವಾ "ಇದು ಚಿತ್ರ, ಹೆಸರು ಕೊಟ್ಟಿಲ್ಲ". ಸ್ಕ್ರೀನ್ ರೀಡರ್ ಆ ಉತ್ತರವನ್ನು ಧ್ವನಿ ಎಂಜಿನ್‌ಗೆ ದಾಟಿಸುತ್ತದೆ, ಎಂಜಿನ್ ಅದನ್ನು ಮಾತಾಗಿಸುತ್ತದೆ.

ಅಂದರೆ ಪ್ರತಿ ಸ್ಲೈಡಿಗೂ ಎರಡು ಮುಖ ಉಂಟು. ಒಂದು ಗೋಡೆಯ ಮೇಲೆ ಕಾಣುವಂಥದ್ದು. ಇನ್ನೊಂದು ಫೈಲಿನೊಳಗೆ ಬರೆದಿಟ್ಟದ್ದು. ನಮ್ಮ ಮಕ್ಕಳು ಮೊದಲನೆಯದಕ್ಕೆ ಮೂರು ಗಂಟೆ ಕೊಟ್ಟಿದ್ದರು, ಎರಡನೆಯದು ಇದೆ ಅಂತಲೇ ಅವರಿಗೆ ಗೊತ್ತಿರಲಿಲ್ಲ.

ನಮ್ಮ ಲ್ಯಾಬಿನ ಕಂಪ್ಯೂಟರುಗಳು ಉಬುಂಟು ಆಧಾರಿತ. ಅದರಲ್ಲಿ ಓರ್ಕಾ ಎಂಬ ಸ್ಕ್ರೀನ್ ರೀಡರ್ ಮೊದಲೇ ಇರುತ್ತದೆ. ಸೂಪರ್ ಕೀ (ಕಿಟಕಿಯ ಗುರುತಿರುವ ಕೀ), ಆಲ್ಟ್, ಎಸ್ ಮೂರನ್ನೂ ಒಟ್ಟಿಗೆ ಒತ್ತಿದರೆ ಅದು ಮಾತಾಡಲು ತೊಡಗುತ್ತದೆ, ಪುನಃ ಒತ್ತಿದರೆ ಸುಮ್ಮನಾಗುತ್ತದೆ. ವಿಂಡೋಸ್ ಇರುವ ಶಾಲೆಯವರು ಎನ್‌ವಿಡಿಎ ಹಾಕಿಕೊಳ್ಳಬಹುದು, ಅದು ಉಚಿತ. ಅದನ್ನು 2006ರಲ್ಲಿ ಬರೆಯಲು ಶುರುಮಾಡಿದವರು ಆಸ್ಟ್ರೇಲಿಯದ ಮೈಕೆಲ್ ಕರ್ರನ್, ಆಮೇಲೆ ಅವರ ಜೊತೆಗೂಡಿದವರು ಜೇಮ್ಸ್ ಟೆ. ಇಬ್ಬರಿಗೂ ಕಣ್ಣು ಕಾಣುವುದಿಲ್ಲ. ಆಗ ಮಾರುಕಟ್ಟೆಯಲ್ಲಿದ್ದ ಸ್ಕ್ರೀನ್ ರೀಡರುಗಳ ಬೆಲೆ ಕಂಪ್ಯೂಟರಿನ ಬೆಲೆಯನ್ನೂ ಮೀರಿಸುವ ಹಾಗಿತ್ತು. ಕೊಳ್ಳಲಾಗದವರು ಏನು ಮಾಡಬೇಕು ಎನ್ನುವ ಪ್ರಶ್ನೆಗೆ ಅವರು ತಾವೇ ಬರೆದು ಉತ್ತರ ಕೊಟ್ಟರು.

ಓರ್ಕಾ ಮತ್ತು ಎನ್‌ವಿಡಿಎ ಎರಡಕ್ಕೂ ಸಾಮಾನ್ಯವಾಗಿ ದನಿ ಕೊಡುವುದು ಇ-ಸ್ಪೀಕ್ ಎನ್‌ಜಿ. ಅದಕ್ಕೆ ಕನ್ನಡ ಬರುತ್ತದೆ, ಮಲಯಾಳಂ, ತಮಿಳು, ತೆಲುಗು, ಮರಾಠಿಯೂ ಬರುತ್ತದೆ. ಮೊದಲ ಸಲ ಕೇಳಿದವರು ನಗುತ್ತಾರೆ, ಯಂತ್ರಮಾನವ ಮೂಗಿನಲ್ಲಿ ಮಾತಾಡಿದ ಹಾಗೆ ಇರುತ್ತದೆ. ಕಾರಣ ಇಷ್ಟೆ: ಅದು ಮನುಷ್ಯರ ದನಿಯನ್ನು ರೆಕಾರ್ಡ್ ಮಾಡಿ ಜೋಡಿಸಿದ್ದಲ್ಲ. ನಾವು 'ಆ' ಅನ್ನುವಾಗ ಬಾಯಿ ಗಂಟಲುಗಳ ಪೊಳ್ಳಿನಲ್ಲಿ ಕೆಲವು ಆವರ್ತಾಂಕಗಳು ಮಾತ್ರ ಜೋರಾಗಿ ಅನುರಣಿಸುತ್ತವೆ, 'ಈ' ಅನ್ನುವಾಗ ಬೇರೆ ಆವರ್ತಾಂಕಗಳು. ಆ ಆವರ್ತಾಂಕಗಳನ್ನು ಲೆಕ್ಕ ಹಾಕಿ ಅಲೆಯನ್ನು ಹೊಸತಾಗಿ ಕಟ್ಟುವುದು ಇ-ಸ್ಪೀಕ್‌ನ ವಿಧಾನ. ಇಂಪಿಲ್ಲ ನಿಜ. ಆದರೆ ವೇಗವನ್ನು ಎರಡು ಮೂರು ಪಟ್ಟು ಏರಿಸಿದರೂ ಅಕ್ಷರ ಕಲಸಿಹೋಗುವುದಿಲ್ಲ. ನಮ್ಮ ಹುಡುಗ ಕೇಳುವ ವೇಗದಲ್ಲಿ ನನಗೆ ಒಂದು ಪದವೂ ತಿಳಿಯಲಿಲ್ಲ. "ಟೀಚರ್, ನೀವು ಪುಟದ ಮೇಲೆ ಕಣ್ಣಾಡಿಸ್ತೀರಲ್ಲ, ಹಾಗೆಯೇ ಇದು" ಅಂದ.

ಹೆಸರಿಲ್ಲದ ಸ್ಲೈಡು

ಅವನಿಗೆ ನಾಲ್ಕನೆಯ ಸ್ಲೈಡ್ ಸಿಗದೇ ಇದ್ದದ್ದಕ್ಕೆ ಮೊದಲ ಕಾರಣ ಶೀರ್ಷಿಕೆ ಇರಲಿಲ್ಲ. ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ಇತ್ತು, ಆದರೆ ಮಕ್ಕಳು ಖಾಲಿ ಸ್ಲೈಡ್ ತೆಗೆದುಕೊಂಡು, ಟೆಕ್ಸ್ಟ್ ಬಾಕ್ಸ್ ಎಳೆದು, ಅಕ್ಷರ ದಪ್ಪ ಮಾಡಿ ಕೂರಿಸಿದ್ದರು. ನೋಡುವವರಿಗೆ ಅದು ಶೀರ್ಷಿಕೆ, ಫೈಲಿಗೆ ಅದು ಎಲ್ಲದರ ಹಾಗೆ ಒಂದು ಡಬ್ಬಿ.

ಸ್ಲೈಡ್ ಸೇರಿಸುವಾಗ ಲೇಔಟ್ ಪಟ್ಟಿಯಿಂದ ಶೀರ್ಷಿಕೆಯ ಜಾಗ ಇರುವುದನ್ನು ಆರಿಸಿ, ಶೀರ್ಷಿಕೆಯನ್ನು ಅದಕ್ಕೆಂದು ಇಟ್ಟ ಚೌಕದಲ್ಲೇ ಬರೆಯಿರಿ. ಸರಿಯಾಗಿದೆಯೋ ನೋಡುವುದು ಸುಲಭ: ವ್ಯೂ ಮೆನುವಿನಲ್ಲಿ ಔಟ್‌ಲೈನ್ ತೆರೆಯಿರಿ. ಅಲ್ಲಿ ಸ್ಲೈಡ್ ಸಂಖ್ಯೆಯ ಪಕ್ಕ ಖಾಲಿ ಇದ್ದರೆ ಆ ಸ್ಲೈಡಿಗೆ ಹೆಸರಿಲ್ಲ ಅಂತ ಅರ್ಥ. ನಮ್ಮ ಆರರಲ್ಲಿ ಐದು ಖಾಲಿ ಇದ್ದವು.

ಎರಡು ಸ್ಲೈಡಿಗೆ ಒಂದೇ ಹೆಸರು ಕೊಡಬೇಡಿ. ತರಗತಿಯಲ್ಲಿ ಒಂದೇ ಹೆಸರಿನ ಇಬ್ಬರಿದ್ದರೆ ಹಾಜರಿ ಕರೆಯುವಾಗ ಆಗುವ ಗೊಂದಲವೇ ಇಲ್ಲೂ ಆಗುತ್ತದೆ. "ಗ್ರಹಣ", "ಗ್ರಹಣ" ಅಂತ ಬರೆಯುವ ಬದಲು "ಕಂಕಣ ಗ್ರಹಣ ಏಕೆ ಆಗುತ್ತದೆ", "ಗ್ರಹಣದ ಹೊತ್ತಿನ ಬೆಳಕು ಮತ್ತು ಸೆಕೆ" ಅಂತ ಬರೆದೆವು. ಕಣ್ಣಿದ್ದವರಿಗೂ ಅದರಿಂದ ಲಾಭವೇ ಆಯಿತು.

ಕನ್ನಡ ಅಲ್ಲದ ಕನ್ನಡ

ಇನ್ನು ಆ "ಇಂಗ್ಲಿಷ್ ಅಕ್ಷರ"ದ ಕಥೆ. ಇದು ಬೇರೆ ದೇಶದ ಪುಸ್ತಕಗಳಲ್ಲಿ ಸಿಗುವುದಿಲ್ಲ, ನಮ್ಮ ಮನೆಯ ಸಮಸ್ಯೆ. ಆದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಕಂಪ್ಯೂಟರಿಗೆ ಅಕ್ಷರ ಎಂದರೆ ಸಂಖ್ಯೆ. ಜಗತ್ತಿನ ಎಲ್ಲ ಲಿಪಿಗಳ ಪ್ರತಿ ಅಕ್ಷರಕ್ಕೂ ಬೇರೆ ಬೇರೆ ಸಂಖ್ಯೆ ಕೊಟ್ಟ ವ್ಯವಸ್ಥೆಯೇ ಯೂನಿಕೋಡ್. ಅದರ ಮೊದಲ ಆವೃತ್ತಿ ಬಂದದ್ದು 1991ರಲ್ಲಿ, ಕನ್ನಡ ಆಗಲೇ ಅದರಲ್ಲಿತ್ತು. ಕನ್ನಡಕ್ಕೆ ಮೀಸಲಾದ ಸಂಖ್ಯೆಗಳು 3200ರಿಂದ 3327ರವರೆಗೆ. 'ಕ'ಗೆ 3221, ದೀರ್ಘದ ಗುರುತಿಗೆ 3262. ಎರಡೂ ಒಟ್ಟಿಗೆ ಬಂದರೆ 'ಕಾ'. ಸ್ಕ್ರೀನ್ ರೀಡರ್ 3221 ಕಂಡ ಕೂಡಲೇ ಇದು ಕನ್ನಡದ ಕ ಅಂತ ಗುರುತಿಸುತ್ತದೆ.

ಯೂನಿಕೋಡ್ ಬಳಕೆಗೆ ಬರುವ ಮೊದಲೇ ನಮ್ಮವರಿಗೆ ಕಂಪ್ಯೂಟರಿನಲ್ಲಿ ಕನ್ನಡ ಬೇಕಿತ್ತು. ಹಾಗಾಗಿ ಒಂದು ಉಪಾಯ ಮಾಡಿದರು. ಇಂಗ್ಲಿಷ್ ಅಕ್ಷರಗಳ ಸಂಖ್ಯೆಯನ್ನೇ ಇಟ್ಟುಕೊಂಡು, ಫಾಂಟಿನಲ್ಲಿ ಅವುಗಳ ಚಿತ್ರವನ್ನು ಮಾತ್ರ ಬದಲಿಸಿದರು. ಹಳೆಯ ನುಡಿ ಮತ್ತು ಬರಹ ಫಾಂಟುಗಳಲ್ಲಿ 'ಕ' ಎಂದರೆ ಫೈಲಿನೊಳಗೆ ಇಂಗ್ಲಿಷಿನ 'ಪಿ', ಅದರ ಪಕ್ಕ ತಲೆಯ ಮೇಲೆ ಓರೆಗೆರೆ ಇರುವ 'ಎ'. ಆ ಫಾಂಟ್ ಇದ್ದರೆ ಕಣ್ಣಿಗೆ ಕನ್ನಡ. ಕಿವಿಗೆ ಮಾತ್ರ ಪಿ, ಎ, ಮತ್ತೆ ಯಾವುದೋ ಚಿಹ್ನೆ. ಆ ಕಾಲಕ್ಕೆ ಅದು ಜಾಣತನವೇ, ನಮ್ಮ ಎಷ್ಟೋ ಪುಸ್ತಕ ಪತ್ರಿಕೆಗಳು ಅದರಲ್ಲೇ ಅಚ್ಚಾದವು. ನಮ್ಮ ಗುಂಪಿನ ಒಬ್ಬಳು ಎರಡನೆಯ ಸ್ಲೈಡಿನ ಬರಹವನ್ನು ಅಂಥ ಒಂದು ಹಳೆಯ ಫೈಲಿನಿಂದ ಕಾಪಿ ಮಾಡಿ ತಂದಿದ್ದಳು. ಅವಳ ಕಂಪ್ಯೂಟರಿನಲ್ಲಿ ಫಾಂಟ್ ಇತ್ತು, ಆದ್ದರಿಂದ ಅವಳಿಗೆ ಸಂಶಯವೇ ಬರಲಿಲ್ಲ.

ಪರೀಕ್ಷೆ ಹೀಗೆ: ಬರಹವನ್ನು ಆರಿಸಿ ಬೇರೆ ಯಾವುದಾದರೂ ಫಾಂಟಿಗೆ ಬದಲಿಸಿ, ಅಥವಾ ಮೊಬೈಲಿನಲ್ಲಿ ಗೆಳೆಯನಿಗೆ ಸಂದೇಶ ಕಳಿಸಿ. ಕನ್ನಡ ಕನ್ನಡವಾಗಿಯೇ ಉಳಿದರೆ ಯೂನಿಕೋಡ್. ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲಾದರೆ ಹಳೆಯದು. ಹಳೆಯದನ್ನು ಯೂನಿಕೋಡಿಗೆ ಬದಲಿಸುವ ಪರಿವರ್ತಕಗಳು ಉಂಟು. ನುಡಿ, ಬರಹ ಎರಡರಲ್ಲೂ ಈಗ ನೇರವಾಗಿ ಯೂನಿಕೋಡಿನಲ್ಲೇ ಬರೆಯಬಹುದು. ಪರಿವರ್ತಿಸಿದ ಮೇಲೆ ಒಮ್ಮೆ ಪೂರ್ತಿ ಓದಿ, ಒತ್ತಕ್ಷರಗಳು ಅಲ್ಲಲ್ಲಿ ಕೈಕೊಡುತ್ತವೆ.

ಇನ್ನೊಂದು ಅಭ್ಯಾಸ ಇದಕ್ಕಿಂತಲೂ ಕೆಟ್ಟದು. ಪಾಠಪುಸ್ತಕದ ಪುಟವನ್ನು ಮೊಬೈಲಿನಲ್ಲಿ ಫೋಟೋ ಹೊಡೆದು ಸ್ಲೈಡಿಗೆ ಅಂಟಿಸುವುದು. ಫೋಟೋದಲ್ಲಿ ಇರುವುದು ಅಕ್ಷರದ ಚಿತ್ರವೇ ಹೊರತು ಅಕ್ಷರವಲ್ಲ. ನಾಲ್ಕು ಸಾಲಾದರೂ ಸರಿ, ಟೈಪ್ ಮಾಡಿ.

ನಮ್ಮ ಶಾಲೆಗಳಲ್ಲಿ ಒಂದೇ ಸ್ಲೈಡಿನಲ್ಲಿ ಎರಡು ಮೂರು ಭಾಷೆ ಇರುವುದು ಸಾಮಾನ್ಯ. ಕಾಸರಗೋಡಿನಲ್ಲಿ ಮಲಯಾಳಂ ಸೇರುತ್ತದೆ, ಸೊಲ್ಲಾಪುರ ಅಕ್ಕಲಕೋಟೆಯಲ್ಲಿ ಮರಾಠಿ, ಆದೋನಿ ಮಡಕಶಿರದಲ್ಲಿ ತೆಲುಗು. ಯಾವ ಭಾಗ ಯಾವ ಭಾಷೆ ಅಂತ ತಂತ್ರಾಂಶಕ್ಕೆ ತಿಳಿಸಬಹುದು: ಇಂಪ್ರೆಸ್‌ನಲ್ಲಿ ಬರಹವನ್ನು ಆರಿಸಿ, ಫಾರ್ಮ್ಯಾಟ್ ಮೆನುವಿನ ಕ್ಯಾರೆಕ್ಟರ್ ಕಿಟಕಿಯಲ್ಲಿ ಭಾಷೆಯನ್ನು ನಿಗದಿಪಡಿಸಿ. ಮರಾಠಿ ಸಾಲನ್ನು ಹಿಂದಿಯ ಉಚ್ಚಾರದಲ್ಲಿ ಕೇಳುವ ಸಂಕಟ ತಪ್ಪುತ್ತದೆ.

ಉಂಗುರ ಎಷ್ಟು ದಪ್ಪ?

ಎಲ್ಲಕ್ಕಿಂತ ಹೆಚ್ಚು ಹೊತ್ತು ಹಿಡಿದದ್ದು ಚಿತ್ರಗಳ ಕೆಲಸ. ಚಿತ್ರದ ಮೇಲೆ ಬಲ ಕ್ಲಿಕ್ ಮಾಡಿದರೆ ಆಲ್ಟ್ ಟೆಕ್ಸ್ಟ್ ಎನ್ನುವ ಆಯ್ಕೆ ಬರುತ್ತದೆ (ಇಂಪ್ರೆಸ್‌ನ ಹಳೆಯ ಆವೃತ್ತಿಗಳಲ್ಲಿ ಡಿಸ್ಕ್ರಿಪ್ಷನ್). ಅಲ್ಲಿ ನಾವು ಬರೆದದ್ದು ಗೋಡೆಯ ಮೇಲೆ ಕಾಣುವುದಿಲ್ಲ, ಸ್ಕ್ರೀನ್ ರೀಡರಿಗೆ ಮಾತ್ರ ಕೇಳಿಸುತ್ತದೆ. ಇದನ್ನು ನಾವು 'ಚಿತ್ರದ ಮಾತು' ಅಂತ ಕರೆದುಕೊಂಡೆವು.

ಮೊದಲನೆಯ ಫೋಟೋಕ್ಕೆ ಮಕ್ಕಳು "ಸೂರ್ಯಗ್ರಹಣದ ಚಿತ್ರ" ಅಂತ ಬರೆದರು. ಹುಡುಗ ಕೇಳಿ, "ಚಿತ್ರ ಅಂತ ಅದೇ ಹೇಳ್ತದೆ. ಗ್ರಹಣ ಅಂತ ಶೀರ್ಷಿಕೆಯಲ್ಲಿ ಬಂತು. ಮತ್ತೆಂತ ಉಂಟು ಇದರಲ್ಲಿ?" ಅಂದ. ಎರಡನೆಯ ಪ್ರಯತ್ನ: "ಆಕಾಶದಲ್ಲಿ ಸುಂದರವಾದ ಬೆಂಕಿಯ ಉಂಗುರ". ಅದಕ್ಕೆ ಅವನು ಕೇಳಿದ ಪ್ರಶ್ನೆ ಇಡೀ ಚಟುವಟಿಕೆಯಲ್ಲೇ ನನಗೆ ಹೆಚ್ಚು ಇಷ್ಟವಾದದ್ದು: "ಉಂಗುರ ಎಷ್ಟು ದಪ್ಪ? ಕೈಬಳೆಯಷ್ಟಾ, ಸೈಕಲ್ ಟಯರಿನಷ್ಟಾ?"

ಯಾರಿಗೂ ಗೊತ್ತಿರಲಿಲ್ಲ. ನನಗೂ. ಎಲ್ಲರೂ ಫೋಟೋ ನೋಡಿದ್ದೆವು, ಅಳೆದಿರಲಿಲ್ಲ.

ಆ ಗ್ರಹಣದಲ್ಲಿ ಚಂದ್ರನ ಬಿಲ್ಲೆಯ ಅಗಲ ಸೂರ್ಯನ ಬಿಲ್ಲೆಯ ಅಗಲದ ಸುಮಾರು 97 ಶೇಕಡಾದಷ್ಟು ಕಂಡಿತ್ತು. ಚಂದ್ರ ಆಗ ಭೂಮಿಯಿಂದ ದೂರ ಸರಿಯುತ್ತಿದ್ದ. ಜೊತೆಗೆ ಜನವರಿಯ ಮೊದಲ ವಾರದಲ್ಲಿ ಭೂಮಿ ಸೂರ್ಯನಿಗೆ ಅತಿ ಹತ್ತಿರ ಇರುವುದರಿಂದ ಡಿಸೆಂಬರ್ ಕೊನೆಯಲ್ಲಿ ಸೂರ್ಯ ತುಸು ದೊಡ್ಡದಾಗಿಯೇ ಕಾಣುತ್ತದೆ. ಮಕ್ಕಳು ರಟ್ಟಿನಲ್ಲಿ ಎರಡು ಬಿಲ್ಲೆ ಕತ್ತರಿಸಿದರು. ಸೂರ್ಯನದ್ದು 10 ಸೆಂಟಿಮೀಟರ್ ಅಗಲ, ಚಂದ್ರನದ್ದು 9.7. ಒಂದರ ಮೇಲೊಂದು ನಡುವಿಗೆ ಸರಿಯಾಗಿ ಇಟ್ಟು ಗುಂಡುಸೂಜಿ ಚುಚ್ಚಿದರು. ಅಂಚಿನಲ್ಲಿ ಉಳಿದದ್ದು ಒಂದೂವರೆ ಮಿಲಿಮೀಟರ್. ಹುಡುಗ ಬೆರಳಾಡಿಸಿ ನೋಡಿ, "ಇಷ್ಟೇ ಇಷ್ಟಾ!" ಅಂದ. ಉಳಿದವರೂ ಒಬ್ಬೊಬ್ಬರಾಗಿ ಕಣ್ಣುಮುಚ್ಚಿ ಮುಟ್ಟಿ ನೋಡಿದರು.

ಕೊನೆಗೆ ಚಿತ್ರದ ಮಾತು ಹೀಗಾಯಿತು: "ಕಪ್ಪು ಹಿನ್ನೆಲೆಯಲ್ಲಿ ಸೂರ್ಯ ಪೂರ್ಣ ಬಳೆಯಂತಿದೆ. ನಡುವಿನ ಕಪ್ಪು ಬಿಲ್ಲೆ ಚಂದ್ರ. ಬಳೆ ಬಹಳ ತೆಳು: ಸೂರ್ಯ 10 ಸೆಂಟಿಮೀಟರ್ ಅಗಲ ಇದ್ದರೆ ಬಳೆಯ ದಪ್ಪ ಒಂದೂವರೆ ಮಿಲಿಮೀಟರ್." ಮೂರು ವಾಕ್ಯ. ಇದಕ್ಕಿಂತ ಉದ್ದ ಬೇಡ, ಕೇಳುವವರಿಗೆ ಮಧ್ಯದಿಂದ ಹಿಂದೆ ಮುಂದೆ ಹೋಗಲು ಕಷ್ಟ. ಹೆಚ್ಚು ಹೇಳುವುದಿದ್ದರೆ ಸ್ಲೈಡಿನ ಕೆಳಗಿನ ಟಿಪ್ಪಣಿ ಜಾಗದಲ್ಲಿ ಬರೆಯಿರಿ.

ರೇಖಾಚಿತ್ರಕ್ಕೆ ನಿಯಮ ಬೇರೆ. ಅಲ್ಲಿ ಏನು ಕಾಣುತ್ತದೆ ಎನ್ನುವುದಕ್ಕಿಂತ ಚಿತ್ರ ಏನನ್ನು ಹೇಳಲು ಇದೆ ಎನ್ನುವುದು ಮುಖ್ಯ. "ಎಡಕ್ಕೆ ಹಳದಿ ವೃತ್ತ, ನಡುವೆ ಬೂದು ವೃತ್ತ, ಬಲಕ್ಕೆ ನೀಲಿ ವೃತ್ತ" ಅಂದರೆ ಯಾರಿಗೂ ಪಾಠ ಆಗುವುದಿಲ್ಲ. ನಾವು ಬರೆದದ್ದು: "ಸೂರ್ಯ, ಚಂದ್ರ, ಭೂಮಿ ಒಂದೇ ಸಾಲಿನಲ್ಲಿವೆ. ಚಂದ್ರನ ದಟ್ಟ ನೆರಳು ಶಂಕುವಿನಂತೆ ಚೂಪಾಗುತ್ತಾ ಬಂದು ಭೂಮಿಯನ್ನು ಮುಟ್ಟುವ ಮೊದಲೇ ಮುಗಿಯುತ್ತದೆ. ಆ ತುದಿಯಿಂದ ಆಚೆಗೆ ಭೂಮಿಯ ಮೇಲೆ ನಿಂತವರಿಗೆ ಸೂರ್ಯನ ಅಂಚು ಕಾಣುತ್ತದೆ."

ಆ ರೇಖಾಚಿತ್ರದಲ್ಲಿ ಇನ್ನೊಂದು ತೊಡಕಿತ್ತು. ಮಕ್ಕಳು ಅದನ್ನು ಇಂಪ್ರೆಸ್‌ನಲ್ಲೇ ಬಿಡಿಸಿದ್ದರು, ವೃತ್ತ, ಗೆರೆ, ಬಾಣ ಎಲ್ಲ ಸೇರಿ ಹದಿನಾಲ್ಕು ತುಂಡು. ಸ್ಕ್ರೀನ್ ರೀಡರ್ ಹದಿನಾಲ್ಕನ್ನೂ ಒಂದೊಂದಾಗಿ "ಆಕಾರ, ಆಕಾರ" ಅಂತ ಹೇಳುತ್ತಿತ್ತು. ಎಲ್ಲವನ್ನೂ ಆರಿಸಿ ಗ್ರೂಪ್ ಮಾಡಿ, ಆ ಗುಂಪಿಗೆ ಒಂದೇ ಮಾತು ಬರೆದೆವು. ಇನ್ನು ಮೂಲೆಯಲ್ಲಿ ಅಂದಕ್ಕೆ ಇಟ್ಟ ನಕ್ಷತ್ರ, ಹೂಬಳ್ಳಿ ಇಂಥವಕ್ಕೆ ಮಾತು ಬೇಡ. ಹೊಸ ಆವೃತ್ತಿಗಳಲ್ಲಿ ಡೆಕೊರೇಟಿವ್ ಎಂಬ ಚೌಕಕ್ಕೆ ಗುರುತು ಹಾಕಿದರೆ ಸ್ಕ್ರೀನ್ ರೀಡರ್ ಅದನ್ನು ದಾಟಿ ಹೋಗುತ್ತದೆ. ನನ್ನನ್ನು ಕೇಳಿದರೆ ಆ ಹೂಬಳ್ಳಿಯನ್ನು ತೆಗೆದೇ ಬಿಡಿ.

ಯಾವುದು ಮೊದಲು, ಯಾವುದು ಆಮೇಲೆ

ಗೋಡೆಯ ಮೇಲಿನ ಸ್ಲೈಡನ್ನು ನಾವು ಮೇಲಿನಿಂದ ಕೆಳಗೆ ಓದುತ್ತೇವೆ. ಫೈಲಿನಲ್ಲಿ ಮೇಲೆ ಕೆಳಗೆ ಎಂಬುದಿಲ್ಲ, ಹಿಂದೆ ಮುಂದೆ ಎಂಬ ಪದರಗಳು ಮಾತ್ರ. ಎಲ್ಲಕ್ಕಿಂತ ಹಿಂದಿನ ಪದರದಲ್ಲಿ ಇರುವುದು ಮೊದಲು ಓದಲ್ಪಡುತ್ತದೆ, ಎದುರಿನದ್ದು ಕೊನೆಗೆ. ಸಾಮಾನ್ಯವಾಗಿ ನಾವು ಮೊದಲು ಹಾಕಿದ್ದು ಹಿಂದೆ, ಆಮೇಲೆ ಹಾಕಿದ್ದು ಎದುರು. ಐದನೆಯ ಸ್ಲೈಡಿನಲ್ಲಿ ಮಕ್ಕಳು ಉತ್ತರವನ್ನು ಮೊದಲು ಟೈಪ್ ಮಾಡಿ, ಪ್ರಶ್ನೆಯನ್ನು ಮರೆತು ಕೊನೆಗೆ ಸೇರಿಸಿದ್ದರು. ಹುಡುಗನಿಗೆ ಉತ್ತರ ಮೊದಲು, ಪ್ರಶ್ನೆ ಆಮೇಲೆ ಕೇಳಿಸುತ್ತಿತ್ತು.

ಸ್ಲೈಡಿನ ಖಾಲಿ ಜಾಗದಲ್ಲಿ ಒಮ್ಮೆ ಕ್ಲಿಕ್ ಮಾಡಿ, ಟ್ಯಾಬ್ ಕೀಯನ್ನು ಒತ್ತುತ್ತಾ ಹೋಗಿ. ಯಾವ ಡಬ್ಬಿಯ ಸುತ್ತ ಗುರುತು ಬರುತ್ತದೆ ನೋಡಿ, ಅದೇ ಓದುವ ಕ್ರಮ. ತಪ್ಪಿದ್ದರೆ ಬಲ ಕ್ಲಿಕ್ ಮಾಡಿ ಅರೇಂಜ್ ಆಯ್ಕೆಯಲ್ಲಿ ಹಿಂದಕ್ಕೋ ಮುಂದಕ್ಕೋ ಸರಿಸಿ. ಹೀಗೆ ಟ್ಯಾಬ್ ಒತ್ತುವಾಗಲೇ ನಮಗೆ ಆರನೆಯ ಸ್ಲೈಡಿನಲ್ಲಿ ಫೋಟೋದ ಹಿಂದೆ ಅಡಗಿದ್ದ ಒಂದು ಹಳೆಯ ಡಬ್ಬಿ ಸಿಕ್ಕಿತು. ಅದರಲ್ಲಿ ಯಾರೋ ತಮಾಷೆಗೆ ಗೆಳೆಯನ ಅಡ್ಡಹೆಸರು ಬರೆದಿದ್ದರು. ಕಣ್ಣಿದ್ದ ನಾಲ್ವರಿಗೆ ಕಾಣಲಿಲ್ಲ. ಕಣ್ಣಿಲ್ಲದವನಿಗೆ ಮೊದಲ ದಿನವೇ ಕೇಳಿಸಿತ್ತಂತೆ, ಅವನು ಸುಮ್ಮನಿದ್ದ!

ಉಳಿದವು ಸಣ್ಣ ಸಂಗತಿಗಳು. ಗ್ರಹಣದ ವೇಳಾಪಟ್ಟಿಯನ್ನು ಗೆರೆ ಎಳೆದು, ಸ್ಪೇಸ್ ಬಾರ್ ಒತ್ತಿ ಸಾಲು ಹೊಂದಿಸಿ ಮಾಡಬೇಡಿ. ಇನ್ಸರ್ಟ್ ಮೆನುವಿನಿಂದ ನಿಜವಾದ ಟೇಬಲ್ ಹಾಕಿ, ಮೊದಲ ಸಾಲನ್ನು ತಲೆಸಾಲು ಅಂತ ಗುರುತಿಸಿ, ಮನೆಗಳನ್ನು ಒಂದಕ್ಕೊಂದು ಕೂಡಿಸಬೇಡಿ. ಲಿಂಕಿಗೆ "ಇಲ್ಲಿ ಒತ್ತಿ" ಅಂತ ಬರೆಯುವ ಬದಲು ಎಲ್ಲಿಗೆ ಹೋಗುತ್ತದೆ ಅಂತ ಬರೆಯಿರಿ. ಅಕ್ಷರಗಳು ತಿರುಗುತ್ತಾ, ಹಾರುತ್ತಾ ಬರುವುದು, ಸ್ಲೈಡ್ ತನ್ನಷ್ಟಕ್ಕೆ ಮುಂದೆ ಹೋಗುವುದು ಎರಡೂ ಬೇಡ, ಓದುತ್ತಿರುವ ದನಿ ಅರ್ಧದಲ್ಲಿ ಕಡಿದುಹೋಗುತ್ತದೆ.

ಪೂರ್ತಿ ಕಾಣದವರಲ್ಲದೆ ಅರೆಬರೆ ಕಾಣುವವರೂ ನಮ್ಮ ತರಗತಿಗಳಲ್ಲಿ ಇದ್ದಾರೆ, ಅವರಿಗೆ ಬಣ್ಣ ಮುಖ್ಯ. ಜಾಲತಾಣಗಳಿಗಾಗಿ ಮಾಡಿದ ಅಂತರರಾಷ್ಟ್ರೀಯ ಮಾರ್ಗಸೂಚಿಯೊಂದು ಅಕ್ಷರ ಮತ್ತು ಹಿನ್ನೆಲೆಗಳ ಹೊಳಪಿನ ಅನುಪಾತ ಕನಿಷ್ಠ 4.5ಕ್ಕೆ 1 ಇರಬೇಕು, ದೊಡ್ಡ ಅಕ್ಷರಕ್ಕೆ 3ಕ್ಕೆ 1 ಸಾಕು ಎನ್ನುತ್ತದೆ. ಬಿಳಿಯ ಮೇಲೆ ಕಪ್ಪು ಎಂದರೆ 21ಕ್ಕೆ 1, ಗರಿಷ್ಠ. ಬಿಳಿಯ ಮೇಲೆ ಹಳದಿ 1ಕ್ಕಿಂತ ಚೂರೇ ಚೂರು ಹೆಚ್ಚು, ಅಂದರೆ ಬರೆದೂ ಬರೆಯದ ಹಾಗೆ. ಮಧ್ಯಾಹ್ನದ ಬಿಸಿಲು ಒಳಗೆ ಬರುವ ನಮ್ಮ ಹಂಚಿನ ಕೋಣೆಗಳಲ್ಲಿ ಎಲ್ಲರಿಗೂ ಅದೇ ಗತಿ. ನಕ್ಷೆಯಲ್ಲಿ "ಕೆಂಪು ಗೆರೆ ಕಂಕಣ, ಹಸಿರು ಗೆರೆ ಭಾಗಶಃ" ಅಂತ ಬಣ್ಣದಲ್ಲಿ ಮಾತ್ರ ಗುರುತು ಹಾಕಿದರೆ ಕೆಂಪು ಹಸಿರು ಬೇರ್ಪಡಿಸಲಾಗದವರಿಗೆ ಎರಡೂ ಒಂದೇ. ಗೆರೆಯ ಪಕ್ಕದಲ್ಲೇ ಹೆಸರು ಬರೆಯಿರಿ.

ಫೈಲ್ ಎಷ್ಟೇ ಚೆನ್ನಾಗಿರಲಿ, ಹೇಳುವವರ ಬಾಯಿ ಕೈಕೊಟ್ಟರೆ ಪ್ರಯೋಜನ ಇಲ್ಲ. "ಇಲ್ಲಿ ನೋಡಿ, ಇದು ಇದರ ಎದುರು ಬಂದಾಗ ಹೀಗಾಗುತ್ತದೆ" ಅಂತ ಕೋಲು ತೋರಿಸಿ ಹೇಳುವುದು ನಮಗೆಲ್ಲ ಅಭ್ಯಾಸ. "ಚಂದ್ರ ಸೂರ್ಯನ ಎದುರು ಬಂದಾಗ ನಡುಭಾಗ ಮುಚ್ಚುತ್ತದೆ" ಅನ್ನಲು ಬೇಕಾಗುವುದು ಎರಡು ಸೆಕೆಂಡು ಹೆಚ್ಚು. ಸ್ಲೈಡ್ ಬದಲಿಸುವಾಗ "ನಾಲ್ಕನೆಯ ಸ್ಲೈಡ್" ಅಂತ ಬಾಯಿಬಿಟ್ಟು ಹೇಳಿ. ಮತ್ತೆ, ಫೈಲನ್ನು ಹಿಂದಿನ ದಿನವೇ ಕೊಡಿ. ನಮ್ಮಲ್ಲಿ ಆದ ಎಡವಟ್ಟಿನಲ್ಲಿ ಅರ್ಧ ಪಾಲು ಬೆಳಗ್ಗೆ ಕೊಟ್ಟದ್ದರಿಂದಲೇ ಆದದ್ದು.

ಇದೆಲ್ಲ ದಯೆಯ ವಿಷಯ ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ. ನಮ್ಮ ದೇಶದ 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ ಹೆಸರಿನಲ್ಲೇ ಹಕ್ಕು ಎಂಬ ಮಾತು ಉಂಟು.

ನೀವು ಮಾಡಿ ನೋಡಬೇಕಾದದ್ದು

ಇಬ್ಬಿಬ್ಬರ ಜೋಡಿ ಮಾಡಿಕೊಳ್ಳಿ. ನೀವು ಈಗಾಗಲೇ ಮಾಡಿದ ಯಾವುದಾದರೂ ನಾಲ್ಕು ಸ್ಲೈಡ್ ತೆರೆಯಿರಿ. ಓರ್ಕಾ ಅಥವಾ ಎನ್‌ವಿಡಿಎ ಚಾಲೂ ಮಾಡಿ, ಕನ್ನಡ ದನಿ ಆರಿಸಿ, ವೇಗ ಕಡಿಮೆ ಮಾಡಿ. ಆಮೇಲೆ ಮಾನಿಟರ್ ಆಫ್ ಮಾಡಿ, ಮೌಸನ್ನು ದೂರ ಇಡಿ. ಪೇಜ್ ಡೌನ್ ಒತ್ತಿದರೆ ಮುಂದಿನ ಸ್ಲೈಡ್, ಟ್ಯಾಬ್ ಒತ್ತಿದರೆ ಮುಂದಿನ ಡಬ್ಬಿ. ಒಬ್ಬರು ಕೇಳಿ, ಕೇಳಿದಷ್ಟನ್ನೇ ಪುಸ್ತಕದಲ್ಲಿ ಬರೆಯಿರಿ. ಇನ್ನೊಬ್ಬರು ನೀವು ಬರೆದದ್ದನ್ನು ಮಾತ್ರ ಓದಿ ಪಾಠ ಯಾವುದು ಅಂತ ಹೇಳಬೇಕು. ಹೇಳಲು ಬಾರದಿದ್ದರೆ ಎಲ್ಲಿ ತಪ್ಪಿತು ಹುಡುಕಿ, ತಿದ್ದಿ, ಮತ್ತೆ ಕೇಳಿ.

ಕಂಪ್ಯೂಟರ್ ಸಿಗದವರು ಆಂಡ್ರಾಯ್ಡ್ ಮೊಬೈಲಿನ ಸೆಟ್ಟಿಂಗ್ಸ್‌ನಲ್ಲಿ ಆಕ್ಸೆಸಿಬಿಲಿಟಿ ತೆರೆದು ಟಾಕ್‌ಬ್ಯಾಕ್ ಚಾಲೂ ಮಾಡಬಹುದು. ಒಂದು ಎಚ್ಚರಿಕೆ: ಅದು ಶುರುವಾದ ಮೇಲೆ ಒಮ್ಮೆ ಮುಟ್ಟಿದರೆ ಹೆಸರು ಮಾತ್ರ ಹೇಳುತ್ತದೆ, ಒತ್ತಿದ ಹಾಗೆ ಆಗಲು ಎರಡು ಸಲ ತಟ್ಟಬೇಕು. ನಮ್ಮ ಎಂಟನೆಯ ತರಗತಿಯ ಒಬ್ಬ ಇದು ಗೊತ್ತಿಲ್ಲದೆ ಅಪ್ಪನ ಫೋನಿನಲ್ಲಿ ಹಾಕಿ, ಆಫ್ ಮಾಡಲು ಬಾರದೆ ಬೈಗುಳ ತಿಂದಿದ್ದಾನೆ.

ನಮ್ಮ ಗ್ರಹಣದ ಗುಂಪು ಎರಡನೆಯ ಸಲ ಸ್ಲೈಡ್ ತೋರಿಸಿದ್ದು ಒಂದು ಶುಕ್ರವಾರ ಕೊನೆಯ ಪೀರಿಯಡಿನಲ್ಲಿ. ನಾಲ್ಕನೆಯ ಸ್ಲೈಡ್ ಬಂದಾಗ ಹುಡುಗ ತನ್ನ ಲ್ಯಾಪ್‌ಟಾಪಿನಲ್ಲಿ ಅದನ್ನು ತೆರೆದು, ಒಂದು ಕಿವಿಗೆ ಮಾತ್ರ ಇಯರ್‌ಫೋನ್ ಇಟ್ಟು, ಎದ್ದು ನಿಂತು ಆರು ನಿಮಿಷ ಮಾತಾಡಿದ. ಅವನಿಗೆ ಕೊಟ್ಟದ್ದು ಮೂರು ನಿಮಿಷ. ನಿಲ್ಲಿಸು ಅಂತ ನಾನು ಹೇಳಲಿಲ್ಲ.

ಈ ವರ್ಷ ಅವನು ಹತ್ತನೇ ತರಗತಿ. ಯಾವ ಗುಂಪಿನ ಸ್ಲೈಡ್ ಆದರೂ ಪ್ರೊಜೆಕ್ಟರಿಗೆ ಹೋಗುವ ಮೊದಲು ಅವನ ಹತ್ತಿರ ಹೋಗಿ ಬರುತ್ತದೆ. ಮೊನ್ನೆ ನಾನು ಮಾಡಿದ ಬೆಳಕಿನ ವಕ್ರೀಭವನದ ಫೈಲನ್ನೂ ಕೊಟ್ಟಿದ್ದೆ. ಮರುದಿನ ವಾಪಸು ಬಂತು.

"ಟೀಚರ್, ಮೂರನೆಯದಕ್ಕೆ ಹೆಸರಿಲ್ಲ."